ಕಂಟ್ರೋಲರು ನೋಡಿದ ನಗು

ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ ಮಾತು ಕೇಳುತ್ತಾ ಕೂತು ಬಸ್ಸು ತಪ್ಪಿಸಿಕೊಂಡವರು ಬಹಳ ಜನ. ನಾನೂ ಒಬ್ಬ. ಆನವಟ್ಟಿಯ ಒಂದು ಮದುವೆಗೆ ಫೋಟೋ ತೆಗೆಯಲು ಹೊರಟವನು ಕ್ಯಾಮೆರಾ ಚೀಲ ಮಡಿಲಲ್ಲಿಟ್ಟುಕೊಂಡು ಮೈಕಿನ ಕಡೆ ಮುಖ ಮಾಡಿ ಕೂತಿದ್ದೆ. ನನ್ನ ಬಸ್ಸು ನನ್ನ ಬೆನ್ನ ಹಿಂದೆಯೇ ಬಂದು ನಿಂತು ಹೊರಟುಹೋಯಿತು. ಮದುವೆ ಮನೆ ಮುಟ್ಟುವ ಹೊತ್ತಿಗೆ ಧಾರೆ ಮುಗಿದು ಊಟಕ್ಕೆ ಎಲೆ ಹಾಕುತ್ತಿದ್ದರು. ಹೆಣ್ಣಿನ ತಂದೆ ಬಾಯಿಗೆ ಬಂದಂತೆ ಬೈದರು. ಕೊನೆಗೆ ಗಂಡು ಹೆಣ್ಣನ್ನು ಮತ್ತೊಮ್ಮೆ ಕೂರಿಸಿ, ಬರೀ ನೀರಿನಲ್ಲಿ ಇನ್ನೊಂದು ಸಲ ಧಾರೆ ಎರೆಸಿ ಫೋಟೋ ತೆಗೆದೆ. ಆಲ್ಬಮ್ಮಿನಲ್ಲಿ ಎಲ್ಲರೂ ಹಸಿದ ಮುಖ ಮಾಡಿಕೊಂಡಿದ್ದಾರೆ.

ಅವರು ಹೋದ ಶ್ರಾವಣದಲ್ಲಿ ತೀರಿಕೊಂಡರು ಎಂಬ ಸುದ್ದಿ ನನಗೆ ಮೂರು ವಾರ ತಡವಾಗಿ ಸಿಕ್ಕಿತು. ಹೇಳಿದವನು ಒಬ್ಬ ಹಳೆಯ ಕಂಡಕ್ಟರ್. "ನಮ್ಮ ಕಂಟ್ರೋಲರ್ ಹೋದ್ರಲ್ರೀ" ಅಂದ. ಹೆಸರು ಹೇಳಲಿಲ್ಲ. ಹೇಳಿದ್ದರೆ ನನಗೆ ಯಾರೆಂದು ತಕ್ಷಣ ಹೊಳೆಯುತ್ತಲೂ ಇರಲಿಲ್ಲ. ಊರಿಗೆಲ್ಲ ಅವರು ಕಂಟ್ರೋಲರು. ಬಸ್ಸು ಬರುವುದನ್ನೂ ಹೋಗುವುದನ್ನೂ ಪುಸ್ತಕದಲ್ಲಿ ಬರೆದುಕೊಂಡು ಮೈಕಿನಲ್ಲಿ ಕೂಗುವ ಕೆಲಸ ಅವರದು. ನನ್ನ ಸ್ಟುಡಿಯೋ ಬಸ್ ಸ್ಟ್ಯಾಂಡಿನ ಎದುರಿಗೇ ಇತ್ತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೆಳಗ್ಗೆ ಬಾಗಿಲು ತೆಗೆಯುವಾಗ ಮೊದಲು ಕಿವಿಗೆ ಬೀಳುತ್ತಿದ್ದದ್ದು ಅವರ ದನಿ.

ಆಳು ಕುಳ್ಳು, ತೆಳ್ಳಗೆ. ಖಾಕಿ ಅಂಗಿ ಅವರ ಮೈಮೇಲೆ ಹ್ಯಾಂಗರಿಗೆ ಹಾಕಿದಂತೆ ಇರುತ್ತಿತ್ತು. ಆದರೆ ದನಿ ಮಾತ್ರ ಮೈಯಳತೆಗಿಂತ ಎರಡು ಸೈಜು ದೊಡ್ಡದು. "ಸೊರಬ, ಸೊರಬ, ಸೊರಬ" ಎಂದು ಮೂರು ಸಲ ಅಂದರೆ ಮೂರನೆಯದು ಕೆರೆಯ ಏರಿಯವರೆಗೂ ಹೋಗುತ್ತಿತ್ತು. ಅದಾದ ಮೇಲೆ ಶುರು.

"ಸೊರಬದ ಗಾಡಿ ಎರಡನೇ ಪ್ಲಾಟ್‌ಫಾರಂಗೆ ಬಂದಿದೆ. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರು ದಯವಿಟ್ಟು ಟವೆಲ್ ಜೊತೆ ತಾವೂ ಹೋಗಬೇಕು. ಹೋದ ವಾರ ಒಂದು ಟವೆಲ್ ಒಂದೇ ಸೊರಬ ಮುಟ್ಟಿದೆ."

"ಶಿವಮೊಗ್ಗದ ಗಾಡಿ ಹತ್ತು ನಿಮಿಷ ತಡ. ಡ್ರೈವರ್ ಟೀ ಕುಡೀತಿದ್ದಾರೆ. ಅವಸರ ಮಾಡಬೇಡ್ರಿ, ಊದಿಕೊಂಡು ಕುಡೀಲಿ. ನಾಲಿಗೆ ಸುಟ್ಟುಕೊಂಡ ಡ್ರೈವರ್ ದಾರಿಯುದ್ದಕ್ಕೂ ಹಾರನ್ ಹೊಡೀತಾನೆ."

ಬಸ್ ಸ್ಟ್ಯಾಂಡು ನಗುತ್ತಿತ್ತು. ಅವರು ನಗುತ್ತಿರಲಿಲ್ಲ. ಮಾತು ಮುಗಿಸಿ ಒಂದು ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ ಆ ನಗುವನ್ನು ಕೇಳಿಸಿಕೊಳ್ಳುತ್ತಿದ್ದರು, ಮೆಕ್ಯಾನಿಕ್ಕು ಎಂಜಿನ್ನಿಗೆ ಕಿವಿ ಕೊಟ್ಟ ಹಾಗೆ. ಕಂಟ್ರೋಲ್ ರೂಮಿಗೆ ಒಂದು ಕಿಟಕಿ ಇತ್ತು ನಿಜ. ಅದರ ಗಾಜಿಗೆ ವರ್ಷಗಳ ಧೂಳು, ಒಳಗಿನಿಂದ ನೋಡಿದರೆ ಜನ ನೀರಿನಡಿಯ ಮೀನಿನಂತೆ ಮಸಕುಮಸಕಾಗಿ ಓಡಾಡುತ್ತಿದ್ದರು.

ಮಧ್ಯಾಹ್ನ ಬಸ್ಸು ಕಡಿಮೆಯಾದಾಗ ನನ್ನ ಸ್ಟುಡಿಯೋಗೆ ಬಂದು ಕೂರುತ್ತಿದ್ದರು. ಪೋಸು ಕೊಡುವವರಿಗಾಗಿ ಇಟ್ಟಿದ್ದ ಕುರ್ಚಿಯಲ್ಲಿ, ತಾಜಮಹಲಿನ ಪರದೆಯ ಮುಂದೆ. ಒಂದು ದಿನ ಹೇಳಿದರು, "ನಗು ಎರಡು ಥರ ಸ್ಟುಡಿಯೋದವರೇ. ಹೊಟ್ಟೆಯಿಂದ ಬರೋದು ಒಂದು, ಪಕ್ಕದವನ್ನ ನೋಡಿ ಬರೋದು ಒಂದು. ನಂಗೆ ಸದ್ದು ಅಷ್ಟೇ ಕೇಳೋದು. ಯಾವುದು ಯಾವುದು ಅಂತ ಗೊತ್ತಾಗಲ್ರಿ."

ಅವರ ಮಾತಿನ ಹೆಸರು ಬಸ್ ಸ್ಟ್ಯಾಂಡು ದಾಟಿದ್ದು ಗಣಪತಿ ಕೂರಿಸಿದ ಪೆಂಡಾಲಿನಿಂದ. ಹಾಡುವವರು ಬರುವುದು ತಡವಾಯಿತೆಂದು ಅವರನ್ನು ಹತ್ತು ನಿಮಿಷ ನಿಲ್ಲಿಸಿದರು. ಅವರು ಒಂದು ಗಂಟೆ ನಿಂತರು. ಮುಂದಿನ ವರ್ಷ ಶಿರಾಳಕೊಪ್ಪ, ಹಿರೇಕೆರೂರು, ಸಾಗರ. ಆಗ ಊರೂರಿಗೆ ಹಾಸ್ಯ ಸಂಜೆಗಳು ಶುರುವಾಗಿದ್ದ ಕಾಲ. ಒಬ್ಬನೇ ಮನುಷ್ಯ ಮೈಕು ಹಿಡಿದು ನಿಂತು ಎರಡು ಗಂಟೆ ನಗಿಸುತ್ತಾನೆ ಎಂದರೆ ಜನಕ್ಕೆ ಅದೊಂದು ಹೊಸ ರುಚಿ. ಟೇಪ್ ರೆಕಾರ್ಡರಿನಲ್ಲಿ ಅವರ ಕ್ಯಾಸೆಟ್ಟುಗಳು ಓಡಾಡತೊಡಗಿದವು.

ಅವರ ಎಲ್ಲ ಮಾತುಗಳಲ್ಲೂ ಜನ ಕಾಯುತ್ತಿದ್ದದ್ದು ಒಂದಕ್ಕೆ. 'ಸೊರಬದಕ್ಕ.' ಹೆಗಲ ಮೇಲಿನ ಶಾಲನ್ನು ತಲೆಯ ಮೇಲೆ ಸೆರಗಿನಂತೆ ಹೊದ್ದು, ಬಲಗೈಯನ್ನು ಬಟ್ಟಲಿನಂತೆ ಮಾಡಿ ಕಿವಿಗೆ ಹಿಡಿದರೆ ಸಾಕು, ಶಿಳ್ಳೆ. ಕಿವಿ ಮಂದವಾದ ಒಬ್ಬ ಅಕ್ಕ, ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಬಸ್ಸು ಹತ್ತಿಸಲು ಒದ್ದಾಡುವ ಒಬ್ಬ ತಮ್ಮ. ಎರಡೂ ಅವರೇ.

"ಅಕ್ಕಾ, ಬಸ್ಸು ಲೇಟು!"

"ಬಸಳೆ ಪ್ಲೇಟಾ? ಒಂದೇ ಪ್ಲೇಟು ಸಾಕು, ನಂಗೆ ಶೀತ ಆಗ್ತದೆ."

"ಅಯ್ಯೋ, ಶಿವಮೊಗ್ಗದ ಬಸ್ಸು ಅಕ್ಕಾ!"

"ಸೇವಂತಿಗೆ ಮೊಗ್ಗಾ? ಎರಡು ಮೊಳ ತಗಾ, ಮುಡ್ಕಂಡು ಹೋಗಾಣ."

ಬರೆದರೆ ಇಷ್ಟೇ. ಅವರು ಮಾಡಿದರೆ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ನಿಜವಾಗಿಯೂ ಒಬ್ಬ ಅಕ್ಕ ಸೊರಬದಲ್ಲಿದ್ದಾಳೆ, ಅವಳ ಕಿವಿ ನಿಜವಾಗಿಯೂ ಕೇಳುವುದಿಲ್ಲ ಎಂಬುದು ನನಗೂ ಗೊತ್ತಿರಲಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ತೊಂಬತ್ತರ ದಶಕದ ನಡುವೆ ಒಂದು ಚಳಿಗಾಲ, ಶಿವಮೊಗ್ಗದ ಸ್ಟೇಡಿಯಂನಲ್ಲಿ ಅವರದೊಬ್ಬರದೇ ಕಾರ್ಯಕ್ರಮ ಎಂದು ಗೊತ್ತಾಯಿತು. ಮದುವೆಗಳಿಗೆಂದು ನಾನು ಆಗಷ್ಟೇ ವೀಡಿಯೋ ಕ್ಯಾಮೆರಾ ತಂದಿದ್ದೆ. ಹೆಗಲ ಮೇಲಿಟ್ಟುಕೊಂಡರೆ ಕರುವನ್ನು ಹೊತ್ತಂತೆ ಭಾರ. "ನೀವೇ ತೆಗೀಬೇಕು ಸ್ಟುಡಿಯೋದವರೇ" ಅಂದರು. ನಾನು ಹೋದೆ.

ಸೂರ್ಯ ಮುಳುಗುವಾಗ ಶುರುವಾಯಿತು. ಅಷ್ಟು ಜನರನ್ನು ಒಟ್ಟಿಗೆ ನಾನು ನೋಡಿದ್ದೇ ಇಲ್ಲ. ಮೆಟ್ಟಿಲುಗಳ ಮೇಲೆ, ಮೈದಾನದ ಜಮಖಾನದ ಮೇಲೆ, ಗೋಡೆಯ ಮೇಲೆ ಜನ. ಅವರ ಮೇಲೆ ತೆಳ್ಳಗೆ ಧೂಳಿನ ಹೊಗೆ, ಅದಕ್ಕೆ ಸಂಜೆಯ ಕೆಂಪು. ವೇದಿಕೆಗೆ ಎಂಥ ಲೈಟು ಹಾಕಿದ್ದರೆಂದರೆ ನನ್ನ ಕ್ಯಾಮೆರಾದಲ್ಲಿ ಕಂಟ್ರೋಲರ ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಾಗಿಬಿಟ್ಟಿತು. ಕಣ್ಣಿಲ್ಲ, ಮೂಗಿಲ್ಲ. ಏನು ತಿರುಗಿಸಿದರೂ ಸರಿಹೋಗಲಿಲ್ಲ. ಅದೇ ಲೈಟು ವೇದಿಕೆಯಿಂದ ಹೊಮ್ಮಿ ಜನರ ಮೇಲೆ ಬೀಳುವಾಗ ಮಾತ್ರ ಮೆದುವಾಗಿ, ದೀಪಾವಳಿಯ ಹಣತೆಯ ಬೆಳಕಿನಂತೆ ಬೀಳುತ್ತಿತ್ತು. ಬೇರೆ ದಾರಿ ಕಾಣದೆ ಕ್ಯಾಮೆರಾವನ್ನು ಜನರ ಕಡೆಗೆ ತಿರುಗಿಸಿದೆ. ತಿರುಗಿಸಿದವನು ಮತ್ತೆ ವೇದಿಕೆಯ ಕಡೆ ನೋಡಿದ್ದು ಕಡಿಮೆ.

ಎಷ್ಟು ಥರದ ನಗು! ಒಬ್ಬ ಮುದುಕರು ಹಲ್ಲಿನ ಸೆಟ್ಟನ್ನು ಬಾಯಿಂದ ತೆಗೆದು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು, ಆಮೇಲೆ ಧೈರ್ಯವಾಗಿ ನಕ್ಕರು. ಇಬ್ಬರು ಪೊಲೀಸರು ನಗಬಾರದೆಂದು ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ಅವರ ಹೊಟ್ಟೆ ಮಾತ್ರ ಅಂಗಿಯೊಳಗೆ ಕುಣಿಯುತ್ತಿತ್ತು. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಪ್ರತಿ ಸಲವೂ ಮೊದಲು ಗಂಡನ ಕಡೆ ನೋಡಿ, ಅವನು ನಕ್ಕಿದ್ದು ಖಾತ್ರಿಯಾದ ಮೇಲೆ ತಾನೂ ನಗುತ್ತಿದ್ದಳು. ದಪ್ಪನೆಯ ಹೆಂಗಸೊಬ್ಬರು ನಗು ಬಂದಾಗಲೆಲ್ಲ ಪಕ್ಕದವಳ ಬೆನ್ನಿಗೆ ಗುದ್ದುತ್ತಿದ್ದರು. ಆ ಪಕ್ಕದವಳು ನಗುತ್ತಲೇ ಸ್ವಲ್ಪಸ್ವಲ್ಪ ದೂರ ಸರಿಯುತ್ತಿದ್ದಳು. ಕ್ಯಾಮೆರಾದ ಕಿಂಡಿಯಲ್ಲಿ ಎಲ್ಲವೂ ಕಪ್ಪು ಬಿಳುಪು. ಸದ್ದು ಎಲ್ಲಿಂದಲೋ ಬರುತ್ತಿದೆ, ಮುಖಗಳು ಎಲ್ಲಿಯೋ ತೇಲುತ್ತಿವೆ ಎನ್ನುವ ಹಾಗಿತ್ತು.

ಆ ಮುಖಗಳ ನಡುವೆ ನನ್ನ ಕ್ಯಾಮೆರಾ ಒಬ್ಬ ಹೆಂಗಸಿನ ಮೇಲೆ ನಿಂತಿತು. ಐವತ್ತೈದು ಅರವತ್ತರ ವಯಸ್ಸು, ತೆಳ್ಳಗೆ, ತಲೆ ತುಂಬ ಸೆರಗು. ಬಲಗೈಯನ್ನು ಕಿವಿಗೆ ಹಿಡಿದು ವೇದಿಕೆಯ ಕಡೆ ನೋಡುತ್ತಿದ್ದರು. ಮುಖದ ತುಂಬ ನಗು, ಆದರೆ ಅದು ಬೇರೆಯವರ ನಗುವಿನ ಜೊತೆ ಏಳುವುದೂ ಇಲ್ಲ, ಇಳಿಯುವುದೂ ಇಲ್ಲ. ಒಂದೇ ಸಮನೆ ಇತ್ತು. ಆಗಾಗ ಅಕ್ಕಪಕ್ಕದವರನ್ನು ನೋಡಿ, ಅವರು ನಗುತ್ತಿದ್ದಾರೆಂದು ಕಂಡು ಇನ್ನಷ್ಟು ಹಿಗ್ಗುತ್ತಿದ್ದರು. ಅಷ್ಟರಲ್ಲಿ ದೊಡ್ಡ ಶಿಳ್ಳೆ ಎದ್ದಿತು. ಸೊರಬದಕ್ಕ ಶುರುವಾಗಿದೆ ಎಂದು ನನಗೆ ತಿರುಗಿ ನೋಡದೆಯೇ ತಿಳಿಯಿತು. ಆ ಹೆಂಗಸು ವೇದಿಕೆಯನ್ನು ನೋಡುತ್ತಲೇ ಇದ್ದರು. ಸುತ್ತಲೂ ಜನ ಬಿದ್ದು ಬಿದ್ದು ನಗುವಾಗ ಅವರ ಮುಖದ ನಗು ಮೆಲ್ಲಗೆ ನಿಂತಿತು. ಕಿವಿಗೆ ಹಿಡಿದಿದ್ದ ಕೈ ನಿಧಾನವಾಗಿ ಕೆಳಗಿಳಿದು ಮಡಿಲಿಗೆ ಬಂತು. ಆ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡರು.

ಚೆನ್ನಾಗಿ ಬಂತು ಎಂದುಕೊಂಡೆ. ಫೋಟೋದವನ ಬುದ್ಧಿ ಅಷ್ಟೇ. ಅಷ್ಟು ಅಲುಗಾಟದ ನಡುವೆ ಅಲುಗದ ಒಂದು ಮುಖ ಸಿಕ್ಕಿತಲ್ಲ ಎಂಬ ಖುಷಿ.

ಮುಂದಿನ ಭಾನುವಾರ ಮಧ್ಯಾಹ್ನ ಸ್ಟುಡಿಯೋದಲ್ಲಿ ಕ್ಯಾಸೆಟ್ ಹಾಕಿದೆ. ಕಿಟಕಿಗೆ ಕಪ್ಪು ಬಟ್ಟೆ ಇಳಿಬಿಟ್ಟು ಬಾಗಿಲು ಮುಚ್ಚಿದ್ದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಟೀವಿಯ ನೀಲಿ ಬೆಳಕು. ನಾಲ್ಕೈದು ಡ್ರೈವರು ಕಂಡಕ್ಟರುಗಳು ನೆಲದ ಮೇಲೆ, ಕಂಟ್ರೋಲರು ಪೋಸಿನ ಕುರ್ಚಿಯ ಮೇಲೆ. ತಮ್ಮ ಮುಖ ಬೆಳ್ಳಗಾಗಿರುವುದನ್ನು ಅವರು ಗಮನಿಸಲೇ ಇಲ್ಲ. ಜನರ ಮುಖಗಳು ಬರತೊಡಗಿದ ಕೂಡಲೇ ಕುರ್ಚಿ ಬಿಟ್ಟು ಟೀವಿಯ ಹತ್ತಿರ ಹೋಗಿ ನೆಲದ ಮೇಲೆ ಕೂತರು.

"ಇವರೆಲ್ಲಾ ಅಲ್ಲಿದ್ರೇನ್ರಿ?" ಎಂದು ನನ್ನನ್ನು ಕೇಳಿದರು.

"ಇದ್ರಲ್ಲ, ನಿಮ್ಮ ಮುಂದೇನೇ."

"ನಂಗೆ ಕತ್ತಲೆ ಒಂದೇ ಕಾಣ್ತಿತ್ತು. ಲೈಟು ಕಣ್ಣಿಗೆ ಹೊಡೀತದಲ್ಲ. ಕತ್ತಲೆ ನಗ್ತಾ ಇತ್ತು, ನಾನು ಕತ್ತಲೆಗೆ ಹೇಳ್ತಾ ಇದ್ದೆ."

ಹಲ್ಲು ಜೇಬಿಗಿಟ್ಟ ಮುದುಕರನ್ನು ನೋಡಿ ಅವರ ಕಣ್ಣು ಒದ್ದೆಯಾಯಿತು. ಪೊಲೀಸರ ಹೊಟ್ಟೆಯನ್ನು ಬೆರಳಿನಿಂದ ಟೀವಿಯ ಗಾಜಿನ ಮೇಲೆ ಮುಟ್ಟಿದರು. ಅವರಿಗೆ ನಗು ಬಂದದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಸದ್ದಿಲ್ಲದ, ಹೆಗಲು ಮಾತ್ರ ಕುಲುಕುವ ನಗು.

ಆಮೇಲೆ ಆ ಹೆಂಗಸು ಬಂದರು. ಕಂಟ್ರೋಲರ ಹೆಗಲು ನಿಂತುಹೋಯಿತು. ಕೋಣೆಯಲ್ಲಿದ್ದ ಉಳಿದವರು ಬಸಳೆ ಪ್ಲೇಟಿಗೆ ಹೋ ಎಂದು ನಗುತ್ತಿದ್ದರು. ಅವರಿಗೆ ಮಾತು ಕೇಳುತ್ತಿತ್ತು, ಇವರಿಗೆ ಆ ಮುಖ ಕಾಣುತ್ತಿತ್ತು. ಕ್ಯಾಸೆಟ್ ಮುಗಿಯುವವರೆಗೂ ಹಾಗೇ ಕೂತಿದ್ದರು. ಎಲ್ಲರೂ ಎದ್ದು ಹೋದ ಮೇಲೆ ಹೇಳಿದರು, "ಆ ಹೆಂಗಸು ಇದ್ದಲ್ಲಿಗೆ ಓಡ್ಸಿ."

ಹಿಂದಕ್ಕೆ ಓಡಿಸಿದೆ. ಹಿಂದಕ್ಕೆ ಓಡುವಾಗ ಚಿತ್ರದ ಮೇಲೆ ಬಿಳಿ ಗೆರೆಗಳು ಹರಿದಾಡಿದವು. ಆ ಗೆರೆಗಳ ಹಿಂದೆ ಮಡಿಲಲ್ಲಿದ್ದ ಕೈ ಮೆಲ್ಲಗೆ ಮೇಲೆದ್ದು ಕಿವಿಗೆ ಹೋಯಿತು, ಆರಿದ ಮುಖಕ್ಕೆ ಮತ್ತೆ ನಗು ಬಂತು.

"ಅಲ್ಲೇ. ಅಲ್ಲೇ ನಿಲ್ಸಿ."

ನಿಲ್ಲಿಸಿದೆ. ಚಿತ್ರ ಸಣ್ಣಗೆ ನಡುಗುತ್ತಾ ನಿಂತಿತು.

"ನಮ್ಮಕ್ಕ" ಅಂದರು.

ಆಮೇಲೆ ಒಂದೊಂದಾಗಿ ಹೇಳಿದರು. ಐದು ವರ್ಷದವರಿದ್ದಾಗ ತಾಯಿ ತೀರಿಕೊಂಡದ್ದು, ಹನ್ನೆರಡು ವರ್ಷ ದೊಡ್ಡವಳಾದ ಅಕ್ಕ ಬಟ್ಟೆ ಹೊಲಿದು ತಮ್ಮನನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿದ್ದು, ಜ್ವರ ಬಂದು ಅವಳ ಕಿವಿ ಹೋದದ್ದು, ಬಂದ ಸಂಬಂಧಗಳು ಅದೇ ಕಾರಣಕ್ಕೆ ಮುರಿದುಬಿದ್ದದ್ದು, ಈಗಲೂ ಸೊರಬದಲ್ಲಿ ಒಬ್ಬಳೇ ಹೊಲಿದುಕೊಂಡಿರುವುದು. ಅವಳು ಕಾರ್ಯಕ್ರಮಕ್ಕೆ ಬಂದದ್ದೇ ಇವರಿಗೆ ಗೊತ್ತಿರಲಿಲ್ಲ. ನೋಡಿ, ಮಾತಾಡಿಸದೆ ಹೋಗಿದ್ದಳು.

"ಅವಳಿಗೆ ಕೇಳಲ್ಲ, ಗೊತ್ತಾಗಲ್ಲ ಅಂತಲೇ ಮಾಡ್ತಿದ್ದೆ ಕಣ್ರೀ ಇಷ್ಟು ದಿನ" ಅಂದರು. "ಕಣ್ಣು ಐತಿ ಅನ್ನೋದನ್ನೇ ಮರೆತಿದ್ದೆ."

ಎರಡು ದಿನ ಬಿಟ್ಟು ರಜೆ ಹಾಕಿ ಸೊರಬಕ್ಕೆ ಹೊರಟರು. ಒಬ್ಬರೇ ಹೋಗಲು ಧೈರ್ಯವಿಲ್ಲವೆಂದು ನನ್ನನ್ನೂ ಕರೆದರು. ಆ ಮುಖವನ್ನು ಹಿಡಿದವನು ನಾನೇ ಆದ್ದರಿಂದ ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ದಿನಕ್ಕೆ ಹತ್ತು ಸಲ ಸೊರಬ ಸೊರಬ ಎಂದು ಕೂಗುವ ಮನುಷ್ಯ ಸೊರಬದ ಬಸ್ಸಿನಲ್ಲಿ ಒಂದೂ ಮಾತಾಡದೆ ಕೂತಿದ್ದರು. ಮಂಜು ಇನ್ನೂ ಗದ್ದೆಗಳ ಮೇಲಿತ್ತು. ಬಸ್ಸು ಅದರೊಳಗೆ ನುಗ್ಗಿ ಹೊರಬಂದು ಮತ್ತೆ ನುಗ್ಗುತ್ತಾ ಹೋಯಿತು. ಹೋಗಿ ಆರು ತಿಂಗಳಾಯಿತು ಎಂದು ಒಮ್ಮೆ ತಮಗೆ ತಾವೇ ಅಂದುಕೊಂಡರು.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೂರು ಅಂಕಣದ ಹೆಂಚಿನ ಮನೆ. ಬಾಗಿಲಿನ ಬೆಳಕಿಗೆ ಹೊಲಿಗೆ ಮಿಷನ್ನು ಹಾಕಿಕೊಂಡು ಆ ಅಕ್ಕ ರವಿಕೆ ಹೊಲಿಯುತ್ತಿದ್ದರು. ಕಿವಿ ಕೇಳದಿದ್ದರೂ ಮಿಷನ್ನಿನ ಬೆಲ್ಟು ಸಡಿಲವಾದರೆ ಪಾದಕ್ಕೆ ತಿಳಿಯುತ್ತದೆ ಎಂದು ಆಮೇಲೆ ನನಗೆ ಹೇಳಿದರು. ನಮ್ಮ ನೆರಳು ಬಟ್ಟೆಯ ಮೇಲೆ ಬಿದ್ದಾಗ ತಲೆಯೆತ್ತಿದರು.

"ಬಂದ್ಯಾ ತಮ್ಮ! ಎಂತ, ಹೇಳ್ದೆ ಕೇಳ್ದೆ? ಬನ್ನಿ, ನೀವೂ ಬನ್ನಿ. ಕೂತ್ಕಳಿ."

ಸ್ಟೇಡಿಯಂನ ಮಾತೇ ಇಲ್ಲ. ಬರುವ ದಾರಿಯ ಚಳಿ, ತಮ್ಮನ ಹೆಂಡತಿಯ ಸೊಂಟನೋವು, ಯಾರದೋ ಮನೆಯ ನಾಮಕರಣ. ಎದ್ದು ಒಲೆ ಹಚ್ಚಿ ಅನ್ನ ಸಾರು ಮಾಡಿದರು. ಎಲೆ ಹಾಕಿ ಬಡಿಸಿ ಎದುರಿಗೆ ಕೂತರು. ಕಂಟ್ರೋಲರು ಅನ್ನ ಕಲೆಸುತ್ತಲೇ ಇದ್ದರು, ಬಾಯಿಗಿಡಲಿಲ್ಲ. ತಲೆಯೆತ್ತಿ, ಬಲು ಸಣ್ಣ ದನಿಯಲ್ಲಿ ಅಂದರು, "ತಪ್ಪಾಯ್ತಕ್ಕ."

"ತುಪ್ಪ ಆಯ್ತಾ?" ಅಂದರು ಅಕ್ಕ. "ಹೇಳ್ಬಾರ್ದಾ ಮತ್ತೆ?" ಎದ್ದು ಒಳಗೆ ಹೋಗಿ ತುಪ್ಪದ ಗಿಂಡಿ ತಂದು ತಮ್ಮನ ಅನ್ನಕ್ಕೆ ಧಾರಾಳವಾಗಿ ಸುರಿದರು.

"ತುಪ್ಪ ಅಲ್ಲಕ್ಕ. ತಪ್ಪು, ತಪ್ಪು!"

"ಉಪ್ಪಾ? ಕಮ್ಮಿ ಆಗಿದ್ಯಾ?" ಮತ್ತೆ ಎದ್ದು ಉಪ್ಪಿನ ಮರಿಗೆ ತಂದರು.

ಕಂಟ್ರೋಲರು ಎಂಜಲು ಕೈಯಲ್ಲೇ ಎದ್ದು ನಿಂತುಬಿಟ್ಟರು. ಬಸ್ ಸ್ಟ್ಯಾಂಡಿನ ದನಿ ಬಂತು, ಮೈಕಿಲ್ಲದೆ.

"ನಾನು ನಿನ್ನಂಗೆ ಮಾಡಿ ಜನರನ್ನ ನಗ್ಸಿದ್ದು ತಪ್ಪು ಅಕ್ಕಾ!"

ಓಣಿಯಲ್ಲಿ ಹೋಗುತ್ತಿದ್ದವರು ನಿಂತರು. ಪಕ್ಕದ ಮನೆಯ ಹೆಂಗಸು ಗೋಡೆಯ ಮೇಲಿಂದ ಇಣುಕಿದರು. ಅಕ್ಕ ಉಪ್ಪಿನ ಮರಿಗೆಯನ್ನು ಕೆಳಗಿಟ್ಟು, ಕೈ ಹಿಡಿದು ತಮ್ಮನನ್ನು ಕೂರಿಸಿದರು.

"ಕೂಗ್ಬ್ಯಾಡ. ಮೊದಲ್ನೇ ಸಲನೇ ಗೊತ್ತಾಯ್ತು. ನಿನ್ನ ತುಟಿ ನಂಗೆ ಗೊತ್ತಾಗಲ್ವಾ?"

ಕಂಟ್ರೋಲರು ಅವರನ್ನೇ ನೋಡಿದರು.

"ಅಮ್ಮ ಹೋದಾಗ ನಿಂಗೆ ಐದು ವರ್ಷ" ಅಂದರು ಅಕ್ಕ. "ಅಮ್ಮ ಬೇಕು, ಅಮ್ಮ ಬೇಕು ಅಂತ ಒಂದೇ ಸಮ ಅಳ್ತಿದ್ದೆ. ನಂಗಾಗ ಕಿವಿ ಸರಿಯಾಗೇ ಇತ್ತು. ಆದ್ರೂ 'ಅಮಟೆಕಾಯಿ ಬೇಕಾ? ತಡಿ, ಕಿತ್ಕಂಡು ಬರ್ತೀನಿ' ಅಂತಿದ್ದೆ. ನೀ ಅಳೋದು ಬಿಟ್ಟು ನಗ್ತಿದ್ದೆ. ದಿನಾ ಅದೇ ಆಟ. ಆಮೇಲೆ ನಿಜವಾಗ್ಲೂ ಕಿವಿ ಹೋಯ್ತು. ನಾ ಆಟ ಬಿಡ್ಲಿಲ್ಲ. ಯಾವುದು ಆಟ, ಯಾವುದು ನಿಜ ಅಂತ ನಿಂಗೆ ಗೊತ್ತಾಗ್ಬಾರ್ದು ಅಂತ. ನೀನಿನ್ನೂ ಸಣ್ಣವ, ಹೆದರ್ತೀಯ ಅಂತ."

ಉಪ್ಪಿನ ಮರಿಗೆಯನ್ನು ಪಕ್ಕಕ್ಕೆ ಸರಿಸಿ ಹೇಳಿದರು, "ಓಣಿಯವರು ಟೆಂಪೋ ಮಾಡ್ಕಂಡು ಹೊರಟಿದ್ರು, ನಾನೂ ಹತ್ತಿದೆ. ನಿನ್ನ ನೋಡಿ ಅಷ್ಟು ಜನ ನಗೋದು ಕಂಡು ನಂಗೆ ಹೊಟ್ಟೆ ತುಂಬ್ತು. ನೀ ತಲೆ ಮೇಲೆ ಸೆರಗು ಹಾಕಿದಾಗ ಅಲ್ಲಿಂದ ಅಮ್ಮನಂಗೇ ಕಂಡೆ. ಆಮೇಲೆ ಕಿವಿಗೆ ಕೈ ಹಿಡಿದೆ. ಅಮ್ಮ ಅಲ್ಲ, ನಾನು ಅಂತ ಆಗ ಗೊತ್ತಾಯ್ತು. ಬೇಜಾರು ಎಂತಕ್ಕೆ ಅಂದ್ರೆ, ಅದು ನಮ್ಮಿಬ್ರದು ಆಗಿತ್ತಲ್ವಾ."

"ಬಿಟ್ಬಿಡ್ತೀನಿ ಅಕ್ಕ. ಇನ್ನು ಮಾಡಲ್ಲ."

"ಬಿಡು ಅಂತ ನಾ ಎಲ್ಲಿ ಹೇಳ್ದೆ? ಅಲ್ಲಿ ಎಂತೆಂತ ಅಂದೆ ಅದನ್ನ ಹೇಳು. ಎಲ್ಲರಿಗೂ ಕೇಳ್ತು, ನಂಗೊಬ್ಳಿಗೆ ಕೇಳ್ಲಿಲ್ಲ."

ಕಂಟ್ರೋಲರು ಹೇಳಿದರು. ಬಸ್ಸು ಲೇಟು, ಬಸಳೆ ಪ್ಲೇಟು, ಸೇವಂತಿಗೆ ಮೊಗ್ಗು, ಒಂದೊಂದೂ. ಅಷ್ಟು ಸಾವಿರ ಜನರ ಮುಂದೆ ತಡವರಿಸದ ಮನುಷ್ಯ ಆ ಒಬ್ಬರ ಮುಂದೆ ಪಾಠ ಒಪ್ಪಿಸುವವರಂತೆ ತಡವರಿಸಿದರು. ಅಕ್ಕ ಅವರ ತುಟಿಯನ್ನೇ ನೋಡುತ್ತಾ ಪೂರ್ತಿ ಕೇಳಿದರು. ನಗಲಿಲ್ಲ.

"ಬಸಳೆ ನಾನೇ ಅಂದಿದ್ದು. ಪ್ಲೇಟು ನೀ ಸೇರ್ಸಿದ್ದು. ಅದು ಚೆನ್ನಾಗಿಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿ, ನಿಜವಾಗಿಯೂ ಅರ್ಥವಾಗದವರ ಹಾಗೆ ಕೇಳಿದರು, "ಇಷ್ಟಕ್ಕೇ ಅಷ್ಟು ಜನ ನಕ್ರಾ?"

ಬಿಡು ಎಂದು ಅಕ್ಕ ಹೇಳಲಿಲ್ಲ. ಆದರೂ ಅವರು ಬಿಟ್ಟರು. ಮುಂದಿನ ತಿಂಗಳು ಒಂದು ಕಾಲೇಜಿನ ವಾರ್ಷಿಕೋತ್ಸವ. ನಾನೂ ಹೋಗಿದ್ದೆ. ಅರ್ಧ ಗಂಟೆ ಕಳೆದ ಮೇಲೆ ಹಿಂದಿನ ಸಾಲಿನಿಂದ ಕೂಗು ಶುರುವಾಯಿತು, "ಸೊರಬದಕ್ಕ! ಸೊರಬದಕ್ಕ!" ಕಂಟ್ರೋಲರು ಶಾಲು ಮುಟ್ಟಲಿಲ್ಲ. "ಅವರು ಬರಲ್ರಿ. ಅವರ ಬಸ್ಸು ಹೊರಟೋಯ್ತು" ಅಂದರು. ಇದೂ ತಮಾಷೆಯೇ ಎಂದುಕೊಂಡು ಎಲ್ಲರೂ ನಕ್ಕರು, ನಕ್ಕು ಕಾದರು. ಅವರು ಬೇರೆ ಏನೋ ಹೇಳತೊಡಗಿದರು. ಮತ್ತೆ ಕೂಗು, ಆಮೇಲೆ ಬೆಂಚು ಬಡಿಯುವ ಸದ್ದು. ಐದು ನಿಮಿಷ ಅದರಲ್ಲೇ ನಿಂತಿದ್ದು, ಕೈಮುಗಿದು ಕೆಳಗಿಳಿದರು. ಇಳಿಯುವಾಗ ಮೆಟ್ಟಿಲಿನ ಹತ್ತಿರ ಸಂಘಟಕರೊಬ್ಬರು, "ಅದನ್ನ ಮಾಡದಿದ್ರೆ ನಿಮ್ಮನ್ನ ಯಾಕ್ರೀ ಕರೀಬೇಕು?" ಅಂದದ್ದು ನನಗೂ ಕೇಳಿಸಿತು. ಆ ವರ್ಷ ಮುಗಿಯುವುದರೊಳಗೆ ಕರೆಯುವವರು ನಿಂತರು.

ಕ್ಯಾಸೆಟ್ಟನ್ನು ಏನು ಮಾಡಲಿ ಎಂದು ಕೇಳಿದೆ. "ಅಳಿಸಬ್ಯಾಡ್ರಿ. ಯಾರಿಗೂ ಕೊಡಲೂಬ್ಯಾಡ್ರಿ" ಅಂದರು. ಅದಾಗಲೇ ಎರಡು ನಕಲು ಮಾಡಿ ಬಾಡಿಗೆ ಅಂಗಡಿಗಳಿಗೆ ಕೊಟ್ಟಿದ್ದೆ. ಓಡಾಡಿ ಎರಡನ್ನೂ ವಾಪಸು ತಂದೆ. ಕೊಟ್ಟಿದ್ದೆ ಎಂಬುದನ್ನು ಅವರಿಗೆ ಯಾವತ್ತೂ ಹೇಳಲಿಲ್ಲ. ಇಲ್ಲಿ ಬರೆಯುತ್ತಿರುವುದೇ ಮೊದಲು.

ಮೈಕಿನ ಕೆಲಸ ಮೊದಲಿನಂತೆಯೇ ನಡೆಯಿತು, ಟವೆಲ್ಲು, ಬಿಸಿ ಟೀ ಎಲ್ಲ ಹಾಗೇ. ಹೊಸದಾಗಿ ಒಂದು ಕಪ್ಪು ಹಲಗೆ ಬಂತು. ಕಂಟ್ರೋಲ್ ರೂಮಿನ ಹೊರಗೋಡೆಗೆ ತಾವೇ ಮೊಳೆ ಹೊಡೆದು ನೇತುಹಾಕಿದರು. ಪ್ರತಿ ಬಸ್ಸನ್ನೂ ಕೂಗಿದ ಮೇಲೆ ಹೊರಗೆ ಬಂದು ದೊಡ್ಡ ಅಕ್ಷರದಲ್ಲಿ ಊರು, ಸಮಯ ಬರೆಯುತ್ತಿದ್ದರು. ಖಾಕಿ ಅಂಗಿಯ ತೋಳಿಗೆ ಸದಾ ಸೀಮೆಸುಣ್ಣ. ಮೇಲಿನವರು ಯಾರೋ ಇದೇನು ಹೊಸ ಪದ್ಧತಿ ಎಂದು ಕೇಳಿದಾಗ, "ಕೇಳದೇ ಇರೋರಿಗೆ ಸಾರ್" ಅಂದರಂತೆ. ಓದಲು ಬಾರದ ಮುದುಕಿಯರನ್ನು ಕೈ ಹಿಡಿದು ಬಸ್ಸಿನ ಬಾಗಿಲಿಗೆ ಬಿಟ್ಟು ಬರುವುದನ್ನೂ ನಾನು ಅಂಗಡಿಯಿಂದ ನೋಡುತ್ತಿದ್ದೆ.

ಭಾನುವಾರ ಮಾತ್ರ ಅವರು ಊರಲ್ಲಿ ಇರುತ್ತಿರಲಿಲ್ಲ. ಮೊದಲ ಬಸ್ಸಿಗೆ ಸೊರಬಕ್ಕೆ ಹೋಗುತ್ತಿದ್ದರು. ಏನು ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಚಂದ್ರಗುತ್ತಿಯ ಒಂದು ಮದುವೆ ಮುಗಿಸಿ ಬರುವಾಗ ಒಂದು ಭಾನುವಾರ ಸೊರಬದಲ್ಲಿ ಇಳಿದು ಆ ಓಣಿಗೆ ಹೋದೆ. ಇಳಿಬಿಸಿಲು. ದೂರದಿಂದಲೇ ಅವರ ದನಿ ಕೇಳಿಸಿತು.

ಅಕ್ಕ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದರು. ಕಂಟ್ರೋಲರು ಅವರಿಗೆ ಎದುರಾಗಿ ಒಂದು ಮಣೆಯ ಮೇಲೆ. ವಾರದ ಸುದ್ದಿಯನ್ನೆಲ್ಲ ಹೇಳುತ್ತಿದ್ದರು. ಯಾವನೋ ಕೋಳಿಗೆ ಅರ್ಧ ಟಿಕೆಟ್ ಸಾಕೆಂದು ಜಗಳವಾಡಿದ್ದು, ಕೋಳಿ ಕಂಡಕ್ಟರನ ಚೀಲದ ಮೇಲೇ ಮೊಟ್ಟೆ ಇಟ್ಟದ್ದು. ತುಟಿ ಚೆನ್ನಾಗಿ ಕಾಣಲೆಂದು ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ, ಎತ್ತರದ ದನಿಯಲ್ಲಿ ಹೇಳುತ್ತಿದ್ದರು. ಹಾಗೆ ಹೇಳಿದರೆ ಓಣಿಗೆಲ್ಲ ಕೇಳಲೇಬೇಕಲ್ಲ. ಹತ್ತು ಹದಿನೈದು ಜನ ಗೋಡೆಗೆ ಒರಗಿ, ಕಟ್ಟೆಯ ಮೇಲೆ, ಬಾಗಿಲಿನ ಹೊಸ್ತಿಲ ಮೇಲೆ ಕೂತು ಕೇಳುತ್ತಿದ್ದರು. ಕಂಟ್ರೋಲರು ಅವರ ಕಡೆ ಒಮ್ಮೆಯೂ ತಿರುಗಲಿಲ್ಲ. ನನ್ನನ್ನು ಕಂಡು ಹೆಗಲ ಮೇಲಿನ ಕ್ಯಾಮೆರಾ ಕಡೆ ನೋಡಿ, ಬೇಡವೆಂದು ತಲೆಯಾಡಿಸಿದರು. ನಾನು ಅದನ್ನು ಚೀಲಕ್ಕೆ ಹಾಕಿ ಕಟ್ಟೆಯ ತುದಿಯಲ್ಲಿ ಕೂತೆ.

ಮೊಟ್ಟೆಯ ಕಥೆ ಕೊನೆಗೆ ಬಂತು. "ಅರ್ಧ ಟಿಕೆಟ್ ಕೊಡು ಅಂದವನಿಗೆ ಕಂಡಕ್ಟರ್ ಏನಂದ ಗೊತ್ತಾ ಅಕ್ಕ? ಕೋಳಿಗೆ ಅರ್ಧ ಅಲ್ಲ, ಈಗ ಅದು ಬಾಣಂತಿ, ಫ್ರೀ ಸೀಟು ಅಂದ."

ಓಣಿ ನಕ್ಕಿತು. ನಾನೂ ನಕ್ಕೆ. ಅಕ್ಕ ನಗಲಿಲ್ಲ. ಕೊನೆಯ ಮಾತನ್ನು ತುಟಿಯಿಂದ ಬಿಡಿಸಿಕೊಳ್ಳುವಾಗ ಅವರಿಗೆ 'ಬಾಣಂತಿ' ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಹುಬ್ಬು ಕೂಡಿಸಿ ಅದನ್ನೇ ಯೋಚಿಸುತ್ತಿದ್ದರು. ಒಬ್ಬೊಬ್ಬರೇ ನಗು ನಿಲ್ಲಿಸಿ ಸುಮ್ಮನಾದರು. ಹೊಸ್ತಿಲ ಮೇಲಿದ್ದ ಹೆಂಗಸು ಏನೋ ಕೇಳಲು ಬಾಯಿ ತೆರೆದ ಮಗುವನ್ನು ಸೊಂಟಕ್ಕೆ ಒತ್ತಿಕೊಂಡಳು. ಕಂಟ್ರೋಲರು ಮಣೆಯ ಮೇಲೆ ಅಲುಗಾಡದೆ ಕೂತು ಅಕ್ಕನ ಮುಖವನ್ನೇ ನೋಡುತ್ತಿದ್ದರು.

ನಾವೆಲ್ಲ ಕಾದೆವು.

ಮೊದಲು ಅಕ್ಕನ ಹುಬ್ಬು ಸಡಿಲವಾಯಿತು. ಆಮೇಲೆ ಸೆರಗಿನ ತುದಿ ಬಾಯಿಗೆ ಹೋಯಿತು, ತಮ್ಮನ ನಗುವಿನಂತೆಯೇ ಹೆಗಲು ಕುಲುಕಿತು.